ನಾಯಿಯ ತುರಿಕೆಗೆ ಜೋಳದ ರೊಟ್ಟಿ ಕಾರಣವೇ?

"ನಮ್ಮ ನಾಯಿ ಹಗಲು ರಾತ್ರಿ ಕಾಲು ನೆಕ್ಕೋತ ಕುಂದರ್ತದ, ಹೊಟ್ಟಿ ಕೆಂಪಗಾಗ್ಯಾದ. ಜ್ವಾಳದ ರೊಟ್ಟಿ ಹಾಕೂದು ಬಿಡ್ರಿ, ಅದಕ್ಕ ಅಲರ್ಜಿ ಅದ ಅಂತಾರ ಮಂದಿ. ಖರೇನ?"

ಸುಲೇಪೇಟದ ಓದುಗರೊಬ್ಬರ ಈ ಪ್ರಶ್ನೆ ಸೇಡಂ, ಚಿತ್ತಾಪುರ, ಚಿಂಚೋಳಿಯ ಯಾವ ಮನೆಯಲ್ಲಾದರೂ ಹುಟ್ಟಬಹುದು. ನಾಯಿಗೆ ಧಾನ್ಯವೇ ಆಗದು, ಧಾನ್ಯವಿಲ್ಲದ ದುಬಾರಿ ಆಹಾರವನ್ನೇ ಕೊಡಬೇಕು ಎಂಬ ಪ್ರಚಾರ ಈಗ ಹಳ್ಳಿಯ ಮೊಬೈಲುಗಳಿಗೂ ತಲುಪಿದೆ. ಅದಕ್ಕೆ ಆಧಾರ ಬಹಳ ತೆಳುವಾದದ್ದು. 2013ರಲ್ಲಿ ಸ್ವೀಡನ್ನಿನ ಸಂಶೋಧಕರು ನಾಯಿ ಮತ್ತು ತೋಳದ ಜೀನುಗಳನ್ನು ಹೋಲಿಸಿ ನೋಡಿದರು. ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವದ ಜೀನು ತೋಳದಲ್ಲಿ ಎರಡೇ ಪ್ರತಿಗಳಲ್ಲಿತ್ತು. ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇತ್ತು. ಮನುಷ್ಯನ ಒಲೆಯ ಪಕ್ಕ ಸಾವಿರಾರು ವರ್ಷ ಬಾಳಿದ ಪ್ರಾಣಿಯ ಹೊಟ್ಟೆ ಧಾನ್ಯಕ್ಕೆ ಒಗ್ಗಿಕೊಂಡಿದೆ.

ಹಾಗಾದರೆ ಅಲರ್ಜಿ ಯಾವುದರಿಂದ? 2016ರಲ್ಲಿ ರಾಲ್ಫ್ ಮ್ಯುಲರ್, ತಿಯೆರಿ ಒಲಿವ್ರಿ ಮತ್ತು ಪಾಸ್ಕಲ್ ಪ್ರೆಲೊ ಅವರು ಆಹಾರದ ಅಲರ್ಜಿ ಖಚಿತವಾದ 297 ನಾಯಿಗಳ ವರದಿಗಳನ್ನು ಒಟ್ಟುಗೂಡಿಸಿದರು. ದನದ ಮಾಂಸ ಶೇ. 34, ಹಾಲಿನ ಪದಾರ್ಥ ಶೇ. 17, ಕೋಳಿ ಶೇ. 15, ಗೋಧಿ ಶೇ. 13 ನಾಯಿಗಳಿಗೆ ಆಗಿಬಂದಿರಲಿಲ್ಲ. ಈ ಮುಖ್ಯ ಆರೋಪಿಗಳ ಸಾಲಿನಲ್ಲಿ ಜೋಳವಿಲ್ಲ. ಆದರೆ ಆ ವರದಿಗಳು ಬಹುಪಾಲು ಪಾಶ್ಚಾತ್ಯ ದೇಶಗಳವು, ಅಲ್ಲಿನ ನಾಯಿಗಳು ಜೋಳ ಕಾಣುವುದೇ ಅಪರೂಪ. ಹಾಗಾಗಿ ಜೋಳ ಪೂರ್ತಿ ನಿರ್ದೋಷಿ ಎನ್ನಲಾಗದು. ಇಷ್ಟಂತೂ ಹೇಳಬಹುದು: ಸುಲೇಪೇಟದ ನಾಯಿಯ ತಾಟಿನಲ್ಲಿ ರೊಟ್ಟಿಗಿಂತ ಅದರ ಮೇಲೆ ಸುರಿಯುವ ಹಾಲನ್ನು, ಹಬ್ಬದ ಮರುದಿನ ಸಿಗುವ ಕೋಳಿಯ ಚೂರನ್ನು, ಮಕ್ಕಳು ಎಸೆಯುವ ಗೋಧಿ ಬಿಸ್ಕತ್ತನ್ನು ಮೊದಲು ಶಂಕಿಸಬೇಕು.

ಅಲರ್ಜಿ ಎಂಬ ವಿದ್ಯಮಾನವನ್ನು ವಿಜ್ಞಾನ ಅರಿತದ್ದರಲ್ಲಿ ನಾಯಿಯ ಪಾಲು ದೊಡ್ಡದು. ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪೋಲ್ ಪೋರ್ಟಿಯೆ 1901ರಲ್ಲಿ ಮೊನಾಕೊದ ರಾಜಕುಮಾರನ ಹಡಗಿನಲ್ಲಿ ಸಮುದ್ರಜೀವಿಗಳ ವಿಷವನ್ನು ಅಧ್ಯಯನ ಮಾಡಿ, ಪ್ಯಾರಿಸ್ಸಿಗೆ ಮರಳಿ ಕೆಲಸ ಮುಂದುವರಿಸಿದರು. ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟರೆ ಲಸಿಕೆಯಂತೆ ದೇಹ ಗಟ್ಟಿಯಾಗುತ್ತದೆ ಎಂಬುದು ಅವರ ನಿರೀಕ್ಷೆ. ನೆಪ್ಚೂನ್ ಎಂಬ ಕಟ್ಟುಮಸ್ತಾದ ನಾಯಿ ಮೊದಲ ಚುಚ್ಚುಮದ್ದನ್ನು ತಡೆದುಕೊಂಡಿತು. ಮೂರು ವಾರಗಳ ತರುವಾಯ ಮತ್ತೆ ಕೊಟ್ಟಾಗ ಏದುಸಿರು ಬಿಟ್ಟು, ವಾಂತಿ ಮಾಡಿ, 25 ನಿಮಿಷದಲ್ಲಿ ಸತ್ತಿತು. ಮೊದಲ ಭೇಟಿ ದೇಹವನ್ನು ಕಾಪಾಡುವ ಬದಲು ಅಪಾಯಕ್ಕೆ ಅಣಿಗೊಳಿಸಿತ್ತು. ಈ ಶೋಧಕ್ಕೆ ರಿಶೆಗೆ 1913ರ ನೊಬೆಲ್ ಬಂತು. ಸಾಕುನಾಯಿಗೂ ಮನುಷ್ಯನಂತೆ ತಾನಾಗಿಯೇ ಪರಾಗದ ಅಲರ್ಜಿ ಬರುತ್ತದೆ ಎಂದು ಅಮೆರಿಕದ ಫ್ರೆಡ್ ವಿಟಿಕ್ ಎಂಬ ವೈದ್ಯ ವರದಿ ಮಾಡಿದ್ದು 1941ರಲ್ಲಿ. ಇದರ ಹಿಂದಿರುವ ಐಜಿಇ ಎಂಬ ಪ್ರತಿಕಾಯವನ್ನು ಜಪಾನಿನ ಇಶಿಜಾಕಾ ದಂಪತಿ 1966ರಲ್ಲಿ ಗುರುತಿಸಿದರು.

ಒಳಗೆ ನಡೆಯುವುದನ್ನು ತೊಗರಿ ಹೊಲದಲ್ಲಿಟ್ಟು ನೋಡಬಹುದು. ಕಾಡುಹಂದಿ ಕಾಯಲು ಮಂಚಿಕೆಯ ಮೇಲೆ ಕಾವಲುಗಾರ ಕೂತಿದ್ದಾನೆ, ಕೈಯಲ್ಲಿ ಪಟಾಕಿ. ನಿಜವಾದ ಹಂದಿಗೆ ಹಚ್ಚಿದರೆ ಬೆಳೆ ಉಳಿಯುತ್ತದೆ. ಯಾರೋ ಅವನಿಗೆ ತಪ್ಪು ಚಹರೆ ಹೇಳಿಕೊಟ್ಟಿದ್ದಾರೆ, ಹೊಲದ ಬದುವಿನಲ್ಲಿ ಹೋಗುವ ಮೇಕೆಯೂ ಅವನ ಕಣ್ಣಿಗೆ ಹಂದಿಯೇ. ಚಹರೆ ಹೇಳಿಕೊಟ್ಟದ್ದು ಐಜಿಇ. ಕಾವಲುಗಾರ ಚರ್ಮದಡಿಯ ಮಾಸ್ಟ್ ಕೋಶ. ಪಟಾಕಿಯೆಂದರೆ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು. ಮೇಕೆ ಒಂದೆಲೆಯನ್ನೂ ತಿಂದಿಲ್ಲ, ಕಿಡಿ ಬಿದ್ದು ತೊಗರಿ ಸುಟ್ಟಿತು. ನಾಯಿಯ ಚರ್ಮ ಕೆಂಪೇರುವುದು ಬಹುಮಟ್ಟಿಗೆ ಹೀಗೆಯೇ. ಎರಡು ಮೂರು ಮೇಕೆ ಒಟ್ಟಿಗೆ ಬಂದರಂತೂ ಪಟಾಕಿಗೆ ಬಿಡುವಿಲ್ಲ. ಚಿಗಟ, ಧೂಳು, ಆಹಾರ ಕೂಡಿಕೊಂಡಾಗ ತುರಿಕೆ ವಿಪರೀತವಾಗುವುದು ಇದರಿಂದ. ಒಂದನ್ನು ತೆಗೆದರೂ ಎಷ್ಟೋ ಆರಾಮ.

ಮೊದಲು ತೆಗೆಯಬೇಕಾದದ್ದು ಚಿಗಟ. ತುರಿಸುವ ನಾಯಿಗಳಲ್ಲಿ ಆಹಾರದ ಅಲರ್ಜಿಯವು ಕಡಿಮೆ; ಚಿಗಟದ ಎಂಜಲಿಗೆ, ಮನೆಯ ಧೂಳಿನ ನುಸಿಗೆ, ಪರಾಗಕ್ಕೆ ಕೆರಳುವವೇ ಹೆಚ್ಚು. ಬಾಲದ ಬುಡ ಮತ್ತು ಸೊಂಟವನ್ನು ಕಚ್ಚಿಕೊಳ್ಳುತ್ತಿದ್ದರೆ ಚಿಗಟದ ಗುಮಾನಿ. ಪಾದ, ಕಂಕುಳು, ಹೊಟ್ಟೆ, ಕಿವಿ ಕೆಂಪಾಗಿದ್ದರೆ ನುಸಿ, ಪರಾಗ ಅಥವಾ ಆಹಾರದ್ದು. ಸಣ್ಣ ಹಲ್ಲಿನ ಬಾಚಣಿಗೆಯಿಂದ ನಾಯಿಯ ಬೆನ್ನು ಬಾಚಿ, ಉದುರಿದ ಕರಿಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಹಾಕಿ ನೋಡಿ. ಬರೀ ಮಣ್ಣಾದರೆ ಮಣ್ಣಿನ ಬಣ್ಣದಲ್ಲೇ ಉಳಿಯುತ್ತದೆ. ಚಿಗಟದ ಹಿಕ್ಕೆಯಾದರೆ ಸುತ್ತ ಕೆಂಪು ಕಂದು ಕಲೆ ಹರಡುತ್ತದೆ; ಅದು ಅರಗಿದ ರಕ್ತ. ನಾಯಿಯ ಮೈಮೇಲೆ ಕಾಣುವ ಚಿಗಟಗಳು ಅವುಗಳ ಸಂಸಾರದ ಸಣ್ಣ ಭಾಗ ಮಾತ್ರ, ಮೊಟ್ಟೆ ಮರಿಗಳೆಲ್ಲ ನೆಲದಲ್ಲಿ. ಶಹಾಬಾದಿ ಪರ್ಸಿ ಹಾಸಿದ ಮನೆಗಳಲ್ಲಿ ಕಲ್ಲು ಕಲ್ಲಿನ ನಡುವಿನ ಸಂದು ಅವುಗಳಿಗೆ ಹೇಳಿ ಮಾಡಿಸಿದ ಜಾಗ. ನಾಯಿಗೆ ಮದ್ದು ಹಾಕಿ, ಸಂದುಗಳನ್ನು ಗುಡಿಸಿ ತೊಳೆಯದೆ ಬಿಟ್ಟರೆ ತಿಂಗಳೊಳಗೆ ಮತ್ತೆ ಅದೇ ಕತೆ. ಸುಟ್ಟ ಎಂಜಿನ್ ಆಯಿಲ್, ಸೀಮೆಎಣ್ಣೆ ಬಳಿಯುವುದು ದಯವಿಟ್ಟು ಬೇಡ; ಚರ್ಮ ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೂ ವಿಷ.

ವಾಡಿ, ಶಹಾಬಾದ್ ಕಡೆಯವರು ಸಿಮೆಂಟಿನ ಧೂಳನ್ನು ಹೆಸರಿಸುವುದುಂಟು. ಕ್ಷಾರೀಯವಾದ ಆ ಧೂಳು ಚರ್ಮವನ್ನು ಒಣಗಿಸಿ ಕೆರಳಿಸಬಲ್ಲದು. ಅಲರ್ಜಿಯ ದಾರಿ ಬೇರೆ.

ಚಿಗಟವೂ ಕಜ್ಜಿಯ ನುಸಿಯೂ ಇಲ್ಲವೆಂದು ಖಚಿತವಾದ ಮೇಲೆಯೇ ಆಹಾರದ ಪರೀಕ್ಷೆ. ನಾಯಿ ಹಿಂದೆಂದೂ ತಿನ್ನದ ಒಂದು ಪ್ರೋಟೀನು, ಒಂದು ಪಿಷ್ಟ: ಉದಾಹರಣೆಗೆ ಮೀನು ಕಾಣದ ನಾಯಿಗೆ ಮುಳ್ಳು ತೆಗೆದು ಬೇಯಿಸಿದ ಮೀನು, ಜೊತೆಗೆ ಆಲೂಗಡ್ಡೆ. ಎಂಟು ವಾರ ಅಷ್ಟೇ. ಐದು ವಾರಗಳಲ್ಲಿ ಆಹಾರದ ಅಲರ್ಜಿಯಿರುವ ಶೇ. 80ರಷ್ಟು, ಎಂಟು ವಾರಗಳಲ್ಲಿ ಶೇ. 90ಕ್ಕೂ ಹೆಚ್ಚು ನಾಯಿಗಳು ಸುಧಾರಿಸುತ್ತವೆ. ಹಾಲು, ಬಿಸ್ಕತ್ತು, ಎಲುಬು, ಪಕ್ಕದ ಮನೆಯವರ ಪ್ರೀತಿಯ ತುತ್ತು, ರುಚಿ ಬೆರೆಸಿದ ಮಾತ್ರೆ, ಎಲ್ಲವೂ ಬಂದ್. ಊರಾಡುವ ನಾಯಿಯಾದರೆ ಕಟ್ಟಿಯೇ ಇಡಬೇಕು. ಆಮೇಲೆ ಹಳೆಯ ತಿನಿಸನ್ನು ಒಂದೊಂದಾಗಿ ಮರಳಿ ಕೊಡಬೇಕು: ಮೊದಲು ಬರೀ ರೊಟ್ಟಿ, ಎರಡು ವಾರ ಕಾದು ಹಾಲು. ತುರಿಕೆ ಮರಳಿದರೆ ಬಹುಪಾಲು ನಾಯಿಗಳಲ್ಲಿ ಆ ಎರಡು ವಾರದೊಳಗೇ ಮರಳುತ್ತದೆ. ಓದುಗರ ಪ್ರಶ್ನೆಗೆ ಖಚಿತ ಉತ್ತರ ಸಿಗುವುದು ಅಲ್ಲಿ. ಮರಿಗಳಿಗೆ ಮಾತ್ರ ವೈದ್ಯರ ಸಲಹೆಯಿಲ್ಲದೆ ಈ ಪಥ್ಯ ಬೇಡ, ಸುಣ್ಣದಂಶದ ಕೊರತೆಯಾದೀತು.

ಇಷ್ಟು ತಾಳ್ಮೆ ಯಾಕೆ, ಕೂದಲು ಕಳಿಸಿದರೆ ಸಾಕು ಎನ್ನುವ ಜಾಹೀರಾತುಗಳಿವೆ. ಕೂದಲು ಮತ್ತು ಎಂಜಲಿನಿಂದ ಅಲರ್ಜಿ ಹೇಳುವ ಅಂಥ ಒಂದು ಪರೀಕ್ಷೆಯನ್ನು ಅಮೆರಿಕದ ಚರ್ಮವೈದ್ಯರು ಒರೆಗೆ ಹಚ್ಚಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಟಿಕೆಯ ಕೃತಕ ತುಪ್ಪಳವನ್ನೂ ನೀರನ್ನೂ ಕಳಿಸಿದಾಗಲೂ ಅಲರ್ಜಿಗಳ ಪಟ್ಟಿ ಬಂತು! ಜನರ ದುಡಿಮೆಯ ಹಣ ಇಂಥದ್ದಕ್ಕೆ ಹೋಗುವುದು ಸಂಕಟದ ಸಂಗತಿ.

ಅಲರ್ಜಿ ಇರಲಿ ಬಿಡಲಿ, ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರು, ಪಲ್ಯ ನಾಯಿಗೆ ಬೇಡ. ತೂಕದ ಕಿಲೋಗೆ 15 ಗ್ರಾಂ ಈರುಳ್ಳಿಯೂ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು.

ದನದ ದವಾಖಾನಿಯಲ್ಲಿ ನಾಯಿಯನ್ನು ನೋಡುವುದಿಲ್ಲ ಎಂಬ ಸಂಕೋಚ ಹಲವರಿಗಿದೆ. ಹಾಗೇನಿಲ್ಲ. ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ಹಾಕಿಸಲು ಹೋದಾಗಲೇ ಚರ್ಮ, ಕಿವಿ, ಹಲ್ಲು ತೋರಿಸಬಹುದು. ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದ ಕಗ್ಗಂಟಿನ ಪ್ರಕರಣಗಳಿಗೆ ಬೀದರಿನ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಮನೆಯವರಿಗೂ ಮೈ ತುರಿಸುತ್ತಿದ್ದರೆ ಅದನ್ನು ಮರೆಯದೆ ಹೇಳಬೇಕು, ಒಂದು ಬಗೆಯ ಕಜ್ಜಿ ನಾಯಿಯಿಂದ ಮನುಷ್ಯರಿಗೂ ಹತ್ತುತ್ತದೆ. ಸ್ಟಿರಾಯ್ಡ್ ಸೂಜಿ ಎರಡೇ ದಿನದಲ್ಲಿ ತುರಿಕೆ ನಿಲ್ಲಿಸುತ್ತದೆ ನಿಜ. ತಿಂಗಳುಗಟ್ಟಲೆ ಹಾಕಿಸಿಕೊಂಡ ನಾಯಿ ಕೊಡಗಟ್ಟಲೆ ನೀರು ಕುಡಿಯುತ್ತದೆ, ಊದಿಕೊಳ್ಳುತ್ತದೆ, ಚರ್ಮ ತೆಳ್ಳಗಾಗುತ್ತದೆ. ಅಮೆರಿಕದಲ್ಲಿ 2013ರಲ್ಲಿ ಒಪ್ಪಿಗೆ ಪಡೆದ ಒಕ್ಲಾಸಿಟಿನಿಬ್ ಮಾತ್ರೆ ತುರಿಕೆಯ ಸಂಕೇತವನ್ನೇ ತಡೆಯುತ್ತದೆ. ಬೆಲೆ ಮಾತ್ರ ಹೆಚ್ಚು.

ಯಾವ ಮದ್ದಿಗೂ ತೂಕದ ಲೆಕ್ಕ ಬೇಕು. ದವಾಖಾನಿಯಲ್ಲಿ ತಕ್ಕಡಿ ಇಲ್ಲದಿದ್ದರೆ ಅಡತಿ ಅಂಗಡಿಯಲ್ಲಿ ತೊಗರಿ ಚೀಲ ತೂಗುವ ಎಲೆಕ್ಟ್ರಾನಿಕ್ ಕಾಟಾ ಸಾಕು. ನಾಯಿಯನ್ನು ಎತ್ತಿಕೊಂಡು ನಿಂತು ಒಮ್ಮೆ, ಇಳಿಸಿ ಇನ್ನೊಮ್ಮೆ ತೂಗಿ, ಕಳೆದು ಉಳಿದ ಸಂಖ್ಯೆಯನ್ನು ಲಸಿಕೆಯ ಚೀಟಿಯ ಹಿಂದೆ ತಾರೀಖಿನೊಂದಿಗೆ ಬರೆದು ಒಯ್ದರೆ ವೈದ್ಯರ ಅರ್ಧ ಕೆಲಸ ಮುಗಿದಿರುತ್ತದೆ.