ಚದುರಿದ ಶಾಲೆಗಳು, ಒಂದೇ ಬಳಗ: ಬೋಧನಾಭ್ಯಾಸದ ದಿನಗಳಲ್ಲಿ ಆನ್‌ಲೈನ್ ಸಮುದಾಯ ಕಟ್ಟುವ ಬಗೆ

ಎರಡು ವರ್ಷದ ಬಿ.ಇಡಿ. ಪಠ್ಯಕ್ರಮ ಬಂದ ಮೇಲೆ ಬೋಧನಾಭ್ಯಾಸದ ಅರ್ಥ ವಿಸ್ತಾರಗೊಂಡಿದೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯಂತೆ ಪ್ರಶಿಕ್ಷಣಾರ್ಥಿಯು ಒಟ್ಟು 20 ವಾರ ಶಾಲೆಯ ಒಡನಾಟದಲ್ಲಿರಬೇಕು. ಅದರಲ್ಲಿ 16 ವಾರ ಎರಡನೆಯ ವರ್ಷದಲ್ಲಿ ಬರುತ್ತದೆ. ಅಂದರೆ ವೃತ್ತಿಯ ಮೊದಲ ನಿಜವಾದ ಪರೀಕ್ಷೆ ನಡೆಯುವ ಹೊತ್ತಿಗೆ ಪ್ರಶಿಕ್ಷಣಾರ್ಥಿ ತನ್ನ ಸಹಪಾಠಿಗಳಿಂದಲೂ ಬೋಧಕರಿಂದಲೂ ದೂರ ಇರುತ್ತಾನೆ ಅಥವಾ ಇರುತ್ತಾಳೆ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಭಾಗದ ಹಳ್ಳಿಗಳ ಶಾಲೆಗಳಿಗೆ ಹಂಚಿಹೋದ ತಂಡವೊಂದನ್ನು ಊಹಿಸಿಕೊಳ್ಳಿ. ಬಸ್ಸಿನ ಹೊತ್ತು ಬೇರೆ, ಮಾರ್ಗದರ್ಶಿ ಶಿಕ್ಷಕರು ಬೇರೆ, ಮಕ್ಕಳು ಬೇರೆ. ಪಾಠ ಕೈಕೊಟ್ಟ ದಿನ ಸಂಜೆ ಮಾತಾಡಲು ಉಳಿಯುವುದು ಕೈಯಲ್ಲಿರುವ ಫೋನೊಂದೇ.

ಆ ಫೋನಿನಲ್ಲಿ ವಾಟ್ಸಾಪ್ ಗುಂಪು ಇದ್ದೇ ಇರುತ್ತದೆ. ಅದು ಬಹಳ ಕಡೆ ಮೂರರಲ್ಲಿ ಒಂದು ರೂಪ ತಾಳುತ್ತದೆ. ಒಂದು, ಸುತ್ತೋಲೆಗಳ ಫಲಕ: ಬೋಧಕರು ಹಾಕುತ್ತಾರೆ, ಉಳಿದವರು ‘ಓಕೆ ಸರ್’ ಎನ್ನುತ್ತಾರೆ. ಎರಡು, ಶುಭೋದಯದ ಚಿತ್ರಗಳ ಮತ್ತು ಫಾರ್ವರ್ಡ್‌ಗಳ ರಾಶಿ. ಮೂರು, ಬರೀ ಮೌನ. ಈ ಮೂರರಲ್ಲಿಯೂ ಒಬ್ಬರು ಇನ್ನೊಬ್ಬರಿಂದ ಕಲಿಯುವುದಿಲ್ಲ. ಗುಂಪು ಬಳಗವಾಗಬೇಕಾದರೆ ಏನು ಬೇಕು ಎಂಬುದನ್ನು ಮುಂದಾಳತ್ವ, ಪರಾನುಭೂತಿ, ಕಥನ ಎಂಬ ಮೂರು ಅಂಶಗಳ ಮೂಲಕ ಇಲ್ಲಿ ನೋಡೋಣ.

ಕರ್ನಾಟಕದ ಒಂದು ಅನುಭವ

ಇಂಥ ಪ್ರಯತ್ನ ನಮ್ಮ ರಾಜ್ಯಕ್ಕೆ ಹೊಸದಲ್ಲ. 2011ರಲ್ಲಿ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನದ ಅಡಿಯಲ್ಲಿ, ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೊಡನೆ ಸೇರಿ ವಿಷಯ ಶಿಕ್ಷಕರ ವೇದಿಕೆಯನ್ನು ಆರಂಭಿಸಿತು. ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರು ಕಂಪ್ಯೂಟರ್ ಬಳಕೆಯನ್ನು ತಮ್ಮ ವಿಷಯದೊಡನೆಯೇ ಕಲಿತರು. ಗಣಿತದವರು ಜಿಯೋಜೀಬ್ರಾದಲ್ಲಿ ಆಕೃತಿಗಳನ್ನು ಚಲಿಸುವಂತೆ ಮಾಡಿದರು. ತರಬೇತಿ ಮುಗಿಸಿ ಊರಿಗೆ ಹೋದ ಮೇಲೂ ಮಾತು ನಿಲ್ಲದಂತೆ ವಿಷಯವಾರು ಇ-ಮೇಲ್ ಗುಂಪುಗಳಿದ್ದವು. ಆ ಗುಂಪುಗಳಲ್ಲಿ ಸಾವಿರಾರು ಶಿಕ್ಷಕರು ಸೇರಿದರು. ಅವರು ಸಿದ್ಧಪಡಿಸಿದ ಸಾಮಗ್ರಿಯು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಎಂಬ ವಿಕಿಯಲ್ಲಿ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಎಲ್ಲರಿಗೂ ದೊರೆಯುವಂತಾಯಿತು.

ಈ ಅನುಭವದಲ್ಲಿ ನಮಗೆ ಮುಖ್ಯವಾದವು ಎರಡು ಸಂಗತಿಗಳು. ಮೊದಲನೆಯದು, ಗುಂಪಿಗೆ ಒಂದು ಕೆಲಸವಿತ್ತು. ಸೇರಿದವರೆಲ್ಲ ಒಂದೇ ವಿಷಯ ಕಲಿಸುವವರು, ನಾಳೆಯ ತರಗತಿಗೆ ಬೇಕಾದದ್ದನ್ನು ಕೇಳುವವರು. ಎರಡನೆಯದು, ಮುಖಾಮುಖಿ ಭೇಟಿಯ ಬುನಾದಿಯ ಮೇಲೆ ಆನ್‌ಲೈನ್ ಮಾತು ನಿಂತಿತ್ತು. ಒಟ್ಟಿಗೆ ಕುಳಿತು ಕಲಿತವರಿಗೆ ಪರದೆಯ ಮೇಲೆ ಪ್ರಶ್ನೆ ಕೇಳುವುದು ಸುಲಭ. ಆದ್ದರಿಂದ ಶಾಲೆಗೆ ಕಳಿಸುವ ಮುನ್ನ, ಸೂಕ್ಷ್ಮಬೋಧನೆಯ ವಾರಗಳಲ್ಲಿಯೇ ಗುಂಪನ್ನು ಆರಂಭಿಸುವುದು ಒಳ್ಳೆಯದು.

ಮೌನವನ್ನು ಓದುವುದು ಹೇಗೆ?

ಆನ್‌ಲೈನ್ ಸಮುದಾಯಗಳ ಬಗ್ಗೆ ಜೇಕಬ್ ನೀಲ್ಸನ್ 2006ರಲ್ಲಿ ಒಂದು ಅಂದಾಜಿನ ಸೂತ್ರ ಹೇಳಿದರು: ನೂರರಲ್ಲಿ 90 ಜನ ಓದುತ್ತಾರಷ್ಟೆ, 9 ಜನ ಆಗೊಮ್ಮೆ ಈಗೊಮ್ಮೆ ಬರೆಯುತ್ತಾರೆ, ಬಹುಪಾಲು ಬರವಣಿಗೆ ಒಬ್ಬನದು. ಇದು ಕಟ್ಟುನಿಟ್ಟಾದ ನಿಯಮವಲ್ಲ, ಆದರೂ ನಮ್ಮ ಗುಂಪುಗಳನ್ನು ಕಂಡವರಿಗೆ ಇದು ಅಪರಿಚಿತವೂ ಅಲ್ಲ.

ಹಾಗೆಂದು ಸುಮ್ಮನಿರುವವರೆಲ್ಲ ಆಸಕ್ತಿಯಿಲ್ಲದವರೇ? ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 1991ರ ತಮ್ಮ ಕೃತಿಯಲ್ಲಿ ಬೇರೆ ದಾರಿ ತೋರಿಸುತ್ತಾರೆ. ಯಾವುದೇ ಕಸುಬಿನ ಬಳಗಕ್ಕೆ ಹೊಸಬರು ಅಂಚಿನಿಂದಲೇ ಪ್ರವೇಶಿಸುತ್ತಾರೆ; ನೋಡುತ್ತಾ, ಸಣ್ಣ ಕೆಲಸ ಮಾಡುತ್ತಾ ನಡುವಿಗೆ ಬರುತ್ತಾರೆ. ಕಮ್ಮಾರಸಾಲೆಯಲ್ಲಿ ಹುಡುಗ ಮೊದಲು ತಿದಿ ಒತ್ತುತ್ತಾನೆ, ಸುತ್ತಿಗೆ ಆಮೇಲೆ ಕೈಗೆ ಬರುತ್ತದೆ. ಆ ದೃಷ್ಟಿಯಿಂದ ಮೌನವೂ ಕಲಿಕೆಯ ಒಂದು ಹಂತ. ಆದರೆ 16 ವಾರವೂ ಯಾರಾದರೂ ಅಂಚಿನಲ್ಲಿಯೇ ಉಳಿದರೆ ಅದು ಬಳಗದ ಕೊರತೆ. ಸಂಕೋಚದ ಮೌನ, ಭಯದ ಮೌನ, ನೆಟ್‌ವರ್ಕ್ ಸಿಗದ ಮೌನ, ಮನೆಯಲ್ಲಿ ಫೋನು ಒಂದೇ ಇರುವುದರಿಂದ ಬರುವ ಮೌನ ಇವೆಲ್ಲ ಬೇರೆ ಬೇರೆ. ಯಾವುದು ಯಾವುದೆಂದು ತಿಳಿಯಲು ಬೋಧಕರು ಗುಂಪಿನ ಹೊರಗೆ, ಒಂದು ಫೋನ್ ಕರೆಯಲ್ಲಿ ವಿಚಾರಿಸಬೇಕು. ಎಲ್ಲರೆದುರು ‘ನೀವು ಯಾಕೆ ಏನೂ ಹಾಕಿಲ್ಲ?’ ಎಂದು ಕೇಳಿದರೆ ಸಂಕೋಚದ ಮೌನ ಭಯದ ಮೌನವಾಗುತ್ತದೆ.

ಮುಂದಾಳತ್ವ: ಕಣಗಿನಹಾಳದ ಪಾಠ

ಮುಂದಾಳತ್ವ ಎಂದೊಡನೆ ಗುಂಪಿನ ಅಡ್ಮಿನ್ ನೆನಪಾಗುತ್ತಾರೆ. ಯಾರನ್ನು ಸೇರಿಸಬೇಕು, ಯಾರನ್ನು ತೆಗೆಯಬೇಕು, ಯಾರು ಬರೆಯಬಹುದು ಎಂಬ ಅಧಿಕಾರ ಅವರದು. ಅಧಿಕಾರವೇ ಮುಂದಾಳತ್ವವಲ್ಲ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಒಂದು ಹಳೆಯ ಉದಾಹರಣೆ ಇದೆ.

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಅದಕ್ಕೆ ಆಧಾರವಾಗಿದ್ದ 1904ರ ಕಾಯ್ದೆಯ ಪ್ರಕಾರ ಒಂದೇ ಊರಿನ ಹತ್ತು ಜನ ಸೇರಿದರೂ ಸಂಘವಾಗಬಹುದಿತ್ತು. ಗ್ರಾಮೀಣ ಸಂಘದಲ್ಲಿ ಸಾಲದ ಹೊಣೆಗೆ ಮಿತಿ ಇರಲಿಲ್ಲ. ಒಬ್ಬ ಸದಸ್ಯನ ಸಾಲಕ್ಕೆ ಉಳಿದವರೂ ಬಾಧ್ಯರು. ಆದ್ದರಿಂದ ಪಕ್ಕದವನ ಹೊಲದಲ್ಲಿ ಬೆಳೆ ಹೇಗಿದೆ ಎಂಬುದು ಪ್ರತಿಯೊಬ್ಬನಿಗೂ ಬೇಕಾದ ಸಂಗತಿಯಾಗಿತ್ತು. ಒಬ್ಬರನ್ನೊಬ್ಬರು ಬಲ್ಲ ಚಿಕ್ಕ ಗುಂಪು ಮತ್ತು ಹಂಚಿಕೊಂಡ ಹೊಣೆ, ಈ ಎರಡರ ಮೇಲೆ ಅಂಥ ಸಂಘ ನಿಂತಿರುತ್ತಿತ್ತು.

ಇದನ್ನು ಬೋಧನಾಭ್ಯಾಸಕ್ಕೆ ಹೊಂದಿಸಿಕೊಳ್ಳಬಹುದು. ಇಡೀ ತರಗತಿಯ ಒಂದೇ ದೊಡ್ಡ ಗುಂಪಿನ ಬದಲು ಎಂಟು ಹತ್ತು ಜನರ ಚಿಕ್ಕ ಬಳಗಗಳನ್ನು ಮಾಡಿ. ದೊಡ್ಡ ಗುಂಪು ಸುತ್ತೋಲೆಗಳಿಗೆ ಮಾತ್ರ ಇರಲಿ. ಚಿಕ್ಕ ಬಳಗದಲ್ಲಿ ವಾರಕ್ಕೊಬ್ಬರು ಸೂತ್ರಧಾರರಾಗಲಿ. ಅವರ ಕೆಲಸ ಮೂರೇ: ವಾರದ ಪ್ರಶ್ನೆ ಇಡುವುದು, ಯಾರ ಬರಹಕ್ಕೆ ಉತ್ತರ ಬಂದಿಲ್ಲವೋ ಅವರಿಗೆ ಮೊದಲು ಉತ್ತರ ಕೊಡುವುದು, ಶನಿವಾರ ವಾರದ ಸಾರವನ್ನು ಐದು ಸಾಲಿನಲ್ಲಿ ಬರೆಯುವುದು. ಸರದಿ ಎಲ್ಲರಿಗೂ ಬರುವುದರಿಂದ ಯಾವಾಗಲೂ ಮಾತಾಡುವವರು ಕೇಳಲು ಕಲಿಯುತ್ತಾರೆ, ಎಂದೂ ಮಾತಾಡದವರಿಗೆ ಮಾತಾಡಲು ಕಾರಣ ಸಿಗುತ್ತದೆ. ತರಗತಿ ನಿರ್ವಹಣೆಗೂ ಬೇಕಾಗುವುದು ಇದೇ ಕೌಶಲ.

ಬೋಧಕರ ಪಾತ್ರ ಇಲ್ಲಿ ಸೂಕ್ಷ್ಮವಾದದ್ದು. ಅಂಕ ಕೊಡುವವರು ಗುಂಪಿನಲ್ಲಿದ್ದರೆ ಸೋಲನ್ನು ಯಾರೂ ಬರೆಯುವುದಿಲ್ಲ. ಹಾಗಾಗಿ ಚಿಕ್ಕ ಬಳಗದ ಬರಹಕ್ಕೆ ಅಂಕವಿಲ್ಲ ಎಂಬುದನ್ನು ಮೊದಲ ದಿನವೇ ಹೇಳಿ, ಕೊನೆಯವರೆಗೂ ಆ ಮಾತಿಗೆ ಬದ್ಧರಾಗಿರಬೇಕು.

ಪರಾನುಭೂತಿ: ಉತ್ತರಿಸುವ ಕ್ರಮ

ಸಹಾನುಭೂತಿ, ಕನಿಕರ, ಪರಾನುಭೂತಿ ಈ ಪದಗಳನ್ನು ನಾವು ಒಂದರ ಬದಲು ಇನ್ನೊಂದನ್ನು ಬಳಸುತ್ತೇವೆ. ಮನೋವಿಜ್ಞಾನದ ಪಾಠದಲ್ಲಿ ಬರುವ ಕಾರ್ಲ್ ರೋಜರ್ಸ್ ಅವರ ವಿವರಣೆ ಇಲ್ಲಿ ನೆರವಾಗುತ್ತದೆ. ಇನ್ನೊಬ್ಬರ ಒಳಜಗತ್ತನ್ನು ನಮ್ಮದೇ ಎಂಬಂತೆ ಕಾಣಬೇಕು, ಆದರೆ ಆ ‘ಎಂಬಂತೆ’ಯನ್ನು ಮರೆಯಬಾರದು ಎಂಬುದು ಅವರ ವಿಚಾರದ ತಿರುಳು. ‘ಎಂಬಂತೆ’ ಇಲ್ಲದಿದ್ದರೆ ಇಬ್ಬರೂ ಒಂದೇ ದುಃಖದಲ್ಲಿ ಮುಳುಗುತ್ತಾರೆ. ಒಳಜಗತ್ತನ್ನು ಕಾಣದಿದ್ದರೆ ಉಳಿಯುವುದು ಉಪದೇಶ ಮಾತ್ರ.

ಒಂದು ಕಲ್ಪಿತ ಬರಹವನ್ನು ನೋಡೋಣ: “ಎಂಟನೇತ್ತಾ, ಘರ್ಷಣೆಯ ಪಾಠ. ಘರ್ಷಣೆ ಇಲ್ಲದಿದ್ರ ಏನಾಗ್ತೈತಿ ಅಂತ ಕೇಳಿದೆ. ಇಡೀ ಕ್ಲಾಸು ಸುಮ್ಮನಾತು. ಹಿಂದಿನ ಸಾಲಿನ ಹುಡುಗ ಒಬ್ಬಾವ ‘ಚಕ್ಕಡಿ ನಿಲ್ಲೂದ ಇಲ್ರಿ’ ಅಂದ. ಎಲ್ಲಾರೂ ನಕ್ಕರು. ನಾನು ಪುಸ್ತಕದಾಗಿನ ಉತ್ತರ ಹೇಳಿ ಮುಂದ ಹೋದೆ. ಆಮೇಲೆ ಆ ಹುಡುಗ ಮಾತಾಡಲೇ ಇಲ್ಲ.”

ಇದಕ್ಕೆ ‘ಪೂರ್ವತಯಾರಿ ಸಾಲದು’ ಎಂದು ಬರೆಯಬಹುದು. ಆಗ ಆಕೆ ಮತ್ತೆ ಬರೆಯುವುದಿಲ್ಲ. ‘ಪರವಾಗಿಲ್ಲ ಬಿಡ್ರಿ, ಚಲೋ ಮಾಡೀರಿ’ ಎನ್ನಬಹುದು. ಅದರಿಂದ ಆಕೆಗೆ ಸಮಾಧಾನವಾಗುತ್ತದೆ, ಆ ಹುಡುಗನಿಗೆ ಏನೂ ಸಿಗುವುದಿಲ್ಲ. ಮೂರನೆಯ ದಾರಿ ಹೀಗಿದೆ: “ಎಲ್ಲಾರೂ ನಕ್ಕಾಗ ನಿಮಗೂ ಗಡಿಬಿಡಿ ಆಗಿರಬೇಕು. ಆದ್ರ ಅಂವ ಹೇಳಿದ್ದು ಖರೇನ ಐತಿ ನೋಡ್ರಿ. ನಾಳೆ ಅವನ ಚಕ್ಕಡಿಯಿಂದನ ಚಾಲೂ ಮಾಡಬಹುದಾ? ಅಚ್ಚಿಗೆ ಕೀಲೆಣ್ಣೆ ಯಾಕ ಹಚ್ತಾರ ಅಂತ ಅವನ್ನ ಕೇಳಿದ್ರ?” ಇಲ್ಲಿ ಮೊದಲು ಬರೆದವಳ ಸ್ಥಿತಿಯನ್ನು ಗುರುತಿಸಲಾಗಿದೆ, ಬಳಿಕ ಹುಡುಗನ ಉತ್ತರದಲ್ಲಿರುವ ವಿಜ್ಞಾನವನ್ನು ತೋರಿಸಲಾಗಿದೆ, ಕೊನೆಗೆ ನಾಳೆ ಮಾಡಬಹುದಾದ ಒಂದು ಕೆಲಸವನ್ನು ಪ್ರಶ್ನೆಯ ರೂಪದಲ್ಲಿ ಇಡಲಾಗಿದೆ. ಗುರುತಿಸುವುದು, ತೋರಿಸುವುದು, ಕೇಳುವುದು: ಹಿಮ್ಮಾಹಿತಿಯ ಈ ಮೂರು ಹೆಜ್ಜೆಗಳನ್ನು ಬಳಗದ ನಿಯಮವಾಗಿ ಇಟ್ಟುಕೊಳ್ಳಬಹುದು. ಸಹಪಾಠಿಯ ಪಾಠಕ್ಕೆ ಹೀಗೆ ಉತ್ತರಿಸಿ ರೂಢಿಯಾದವರು ತರಗತಿಯಲ್ಲಿ ಮಗುವಿನ ತಪ್ಪು ಉತ್ತರಕ್ಕೂ ಹೀಗೆಯೇ ಉತ್ತರಿಸಬಲ್ಲರು.

ಕಥನ: ವರದಿಯಲ್ಲ, ಘಟನೆ

‘ಇಂದು ಘರ್ಷಣೆಯ ಪಾಠ ಮಾಡಲಾಯಿತು, ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು’ ಎಂಬುದು ವರದಿ. ಇದರಿಂದ ಓದಿದವರಿಗೆ ಕಲಿಯಲು ಏನೂ ಇಲ್ಲ. ಮೇಲಿನ ಚಕ್ಕಡಿಯ ಪ್ರಸಂಗ ಕಥನ. ಒಬ್ಬ ವ್ಯಕ್ತಿ, ಒಂದು ಕ್ಷಣ, ಒಂದು ತೊಡಕು, ಬಿಡಿಸಲಾಗದ ಒಂದು ಪ್ರಶ್ನೆ ಅದರಲ್ಲಿವೆ. ಇವು ನಾಲ್ಕಿದ್ದರೆ ಹತ್ತು ಸಾಲು ಸಾಕು.

ಕಥನವನ್ನು ಕೇಳುವುದಕ್ಕೂ ಒಂದು ಶಿಸ್ತಿದೆ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಭಾರತ ಬರೆದನೆಂಬುದು ಈ ನೆಲದ ನಂಬಿಕೆ. ಆ ಕಾವ್ಯ ಜನರನ್ನು ಮುಟ್ಟಿದ್ದು ಹೆಚ್ಚಾಗಿ ಗಮಕದ ಮೂಲಕ. ಗಮಕದಲ್ಲಿ ಒಬ್ಬರು ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನಿಸುತ್ತಾರೆ. ವಾಚಕರು ಮುಗಿಸುವವರೆಗೆ ವ್ಯಾಖ್ಯಾನಕಾರರು ಕಾಯುತ್ತಾರೆ, ವ್ಯಾಖ್ಯಾನ ಮುಗಿಯುವವರೆಗೆ ವಾಚಕರು ಕಾಯುತ್ತಾರೆ. ಬಳಗದಲ್ಲಿಯೂ ಒಂದು ಕಥನಕ್ಕೆ ಒಬ್ಬ ವ್ಯಾಖ್ಯಾನಕಾರರನ್ನು ಗೊತ್ತುಮಾಡಿ. ಅವರ ಉತ್ತರ ಬಂದ ಮೇಲೆಯೇ ಉಳಿದವರು ಬರೆಯಲಿ. ಬರೆಯಲು ಹಿಂಜರಿಯುವವರು ಧ್ವನಿ ಸಂದೇಶ ಕಳಿಸಲಿ. ಗ್ರಾಂಥಿಕ ಕನ್ನಡದ ಚಿಂತೆ ಬಿಟ್ಟು ನಮ್ಮ ಭಾಗದ ಮಾತಿನಲ್ಲಿಯೇ ಹೇಳಿದಾಗ ಪ್ರಸಂಗ ಜೀವಂತವಾಗಿರುತ್ತದೆ.

ಬಳಗದ ಕಥನ ಪಾಠಕ್ಕೂ ಇಳಿಯಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕಥೆ ಆಧಾರಿತ ಬೋಧನೆಯನ್ನು ಅನುಭವಾತ್ಮಕ ಕಲಿಕೆಯ ಭಾಗವಾಗಿ ಹೆಸರಿಸಿದೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯನ್ನೇ ತೆಗೆದುಕೊಳ್ಳಿ. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಚಳಿಗಾಲಕ್ಕೆ ಇಲ್ಲಿಗೆ ಬರುತ್ತವೆ, ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. 2024ರ ಜನವರಿಯಲ್ಲಿ ಈ ಕೆರೆ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಒಂದು ಶಾಲೆಯ ಪ್ರಶಿಕ್ಷಣಾರ್ಥಿ ಹಕ್ಕಿಯ ದೃಷ್ಟಿಯಿಂದ, ಇನ್ನೊಂದು ಶಾಲೆಯವರು ರೈತನ ದೃಷ್ಟಿಯಿಂದ ಮಕ್ಕಳ ಕೈಯಲ್ಲಿ ಕಥೆ ಕಟ್ಟಿಸಿ ಬಳಗದಲ್ಲಿ ಹಂಚಿಕೊಂಡರೆ ವಿಜ್ಞಾನ, ಭೂಗೋಳ, ಭಾಷೆ ಮೂರೂ ಸೇರಿದ ಘಟಕವೊಂದು ಸಿದ್ಧವಾಗುತ್ತದೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಮುಕ್ತ ಪರವಾನಗಿಯ ಕನ್ನಡ ಕಥೆಗಳಿವೆ. ಅಲ್ಲಿಯ ಕಥೆಗಳನ್ನು ಅನುವಾದಿಸಲು, ಹೊಸ ಕಥೆ ಸೇರಿಸಲು ಅವಕಾಶವಿದೆ.

ದಾಟಬಾರದ ಗೆರೆ

ಕಥೆ ನಮ್ಮದು, ಆದರೆ ಅದರೊಳಗಿನ ಮಗು ನಮ್ಮದಲ್ಲ. ಅಳುವ ಮಗುವಿನ ಫೋಟೊ, ತಪ್ಪು ಬರೆದ ಉತ್ತರಪತ್ರಿಕೆ, ಮನೆಯ ಜಗಳದ ವಿವರ ಗುಂಪಿಗೆ ಬಂದರೆ ಮುಂದೆ ಎಲ್ಲಿಗೆ ಹೋಗುತ್ತವೆಂದು ಹೇಳಲಾಗದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪಾಲಕರ ಖಚಿತ ಒಪ್ಪಿಗೆ ಬೇಕೆನ್ನುತ್ತದೆ. ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಬಹಿರಂಗಪಡಿಸುವುದನ್ನು 2012ರ ಪೋಕ್ಸೊ ಕಾಯ್ದೆ ನಿಷೇಧಿಸಿದೆ. ಆದ್ದರಿಂದ ಬಳಗದ ಬರಹದಲ್ಲಿ ಮಗುವಿನ ಹೆಸರು, ಮುಖ, ಗುರುತು ಹಿಡಿಯಬಹುದಾದ ವಿವರ ಇರಕೂಡದು. ಮಗುವಿಗೆ ಅಪಾಯವಿದೆ ಎನಿಸಿದರೆ ಅದು ಗುಂಪಿನ ವಿಷಯವೇ ಅಲ್ಲ. ಕೂಡಲೇ ಮುಖ್ಯೋಪಾಧ್ಯಾಯರಿಗೆ ತಿಳಿಸಬೇಕು, 1098 ಮಕ್ಕಳ ಸಹಾಯವಾಣಿಗೂ ಕರೆ ಮಾಡಬಹುದು.

ಮಾರ್ಗದರ್ಶಿ ಶಿಕ್ಷಕರ ಬಗ್ಗೆಯೂ ಇದೇ ಮರ್ಯಾದೆ ಇರಲಿ. ಅವರ ಶಾಲೆಗೆ ನಾವು ಅತಿಥಿಗಳು. ಬರೆಯುವ ಮುನ್ನ ಒಂದು ಪರೀಕ್ಷೆ ಮಾಡಿಕೊಳ್ಳಬಹುದು: ಇದನ್ನು ಆ ಮಗುವಿನ ತಾಯಿ ಅಥವಾ ಆ ಶಿಕ್ಷಕರು ಓದಿದರೆ ನಾನು ತಲೆ ಎತ್ತಿ ನಿಲ್ಲಬಲ್ಲೆನೇ?

ಮೊದಲ ನಾಲ್ಕು ವಾರ

ಮೊದಲ ವಾರ ಕಾಲೇಜಿನಲ್ಲಿಯೇ ಚಿಕ್ಕ ಬಳಗಗಳನ್ನು ರಚಿಸಿ, ನಿಯಮಗಳನ್ನು ಪ್ರಶಿಕ್ಷಣಾರ್ಥಿಗಳಿಂದಲೇ ಬರೆಸಿ. ಎರಡನೆಯ ವಾರ ಬೋಧಕರು ತಮ್ಮ ವೃತ್ತಿಯ ಒಂದು ಬಗೆಹರಿಯದ ಪ್ರಸಂಗವನ್ನು ಹಾಕಲಿ. ಮೂರನೆಯ ವಾರ ಸೂತ್ರಧಾರರ ಸರದಿ ಆರಂಭವಾಗಲಿ. ನಾಲ್ಕನೆಯ ವಾರ ಎಲ್ಲರೂ ಒಂದು ದಿನ ಮುಖಾಮುಖಿ ಸೇರಿ, ಬಂದ ಕಥನಗಳಲ್ಲಿ ಪದೇ ಪದೇ ಕಂಡ ತೊಡಕು ಯಾವುದೆಂದು ಗುರುತಿಸಲಿ. ಕ್ರಿಯಾ ಸಂಶೋಧನೆಯ ಸಮಸ್ಯೆ ಬಹಳ ಸಲ ಅಲ್ಲಿಯೇ ದೊರೆಯುತ್ತದೆ. ಇಂಟರ್ನೆಟ್ ಇಲ್ಲದವರಿಗೆ ಜೊತೆಗಾರರೊಬ್ಬರು ಫೋನಿನಲ್ಲಿ ಓದಿ ಹೇಳುವ ಏರ್ಪಾಡು ಮೊದಲ ದಿನದಿಂದಲೇ ಇರಲಿ.

ಪದವಿ ಮುಗಿದ ಮೇಲೆ ಈ ತಂಡದವರು ಬೇರೆ ಬೇರೆ ಊರುಗಳಿಗೆ, ಕೆಲವರು ಇಬ್ಬರೇ ಶಿಕ್ಷಕರಿರುವ ಶಾಲೆಗೂ ಹೋಗುತ್ತಾರೆ. ಅಲ್ಲಿ ಪರಿವೀಕ್ಷಣೆಗೆ ಬೋಧಕರು ಬರುವುದಿಲ್ಲ. ‘ಇವತ್ತು ಪಾಠ ಕೂಡಲಿಲ್ಲ, ಏನು ಮಾಡಲಿ?’ ಎಂದು ಕೇಳಲು ಹತ್ತು ಜನರ ಬಳಗ ಆಗಲೂ ಉಳಿದಿದ್ದರೆ, ಬೋಧನಾಭ್ಯಾಸದಲ್ಲಿ ಅದಕ್ಕೆ ಕೊಟ್ಟ ಸಮಯ ವ್ಯರ್ಥವಾಗಿಲ್ಲವೆಂದು ತಿಳಿಯಬಹುದು.