ಕಂದುಮೊಲದ ಚೆಲುವು

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಮನೆಗಳಲ್ಲಿ ಮಕ್ಕಳಿಗೆಂದು ಮೊಲವನ್ನು ತರುವಾಗ ಬಿಳಿಯ ಮರಿಗೇ ಮನಸೋಲುವುದುಂಟು; ಕಂದು ಮರಿಯು ಗೂಡಿನಲ್ಲಿಯೇ ಉಳಿಯುವುದು. ಆದರೆ ಕಂದೇ ಈ ಕುಲದ ಮೂಲವರ್ಣ. ಯೂರೋಪಿನಲ್ಲಿ ಬಿಲ ತೋಡಿ ಬಾಳುವ ಮೊಲವೇ ಸಾಕುಮೊಲಗಳೆಲ್ಲದರ ಪೂರ್ವಜ. ಕೆಂಗಣ್ಣಿನ ಮೊಲದ ಬಿಳುಪಾದರೋ ವರ್ಣದ್ರವ್ಯದ ಅಭಾವದಿಂದಾದುದು. ಕಂದುಮೊಲದ ರೋಮವನ್ನು ಮೆಲ್ಲನೆ ಊದಿ ನೋಡಿರಿ: ಬುಡದಲ್ಲಿ ಬೂದು, ನಡುವೆ ಹೊಂಬಣ್ಣ, ತುದಿಯಲ್ಲಿ ಕಪ್ಪು!

ನಮ್ಮ ಹಾಡಿಗಳ ಕಾಡುಮೊಲವು ಬಣ್ಣದಲ್ಲಿ ಇದನ್ನು ಹೋಲಿದರೂ ಬೇರೆಯೇ ಜಾತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದನ್ನು ಹಿಡಿದು ಸಾಕಲಾಗದು.

ಸಾಕುಮೊಲವು 8-10 ವರ್ಷ ಬಾಳಬಲ್ಲ ಜೀವ. ಬಣ್ಣ ಯಾವುದಾದರೂ ಅದಕ್ಕೆ ಬೇಕಾದುದು ಒಣಹುಲ್ಲು, ನೀರು, ಕರಾವಳಿಯ ಸೆಕೆಯಲ್ಲಿ ತಂಪಾದ ನೆರಳು. ಆದುದರಿಂದ ನಾವು ಮೈಬಣ್ಣವನ್ನು ಬಿಟ್ಟು ಆರೋಗ್ಯವನ್ನೂ ಸ್ವಭಾವವನ್ನೂ ನೋಡಿ ಆರಿಸೋಣ. ಗೂಡಿನಲ್ಲಿ ಉಳಿದ ಕಂದು ಮರಿಗೂ ಒಂದು ಮನೆ ದೊರೆಯಲಿ.