ಮುಂಬಯಿ ಮಹಾನಗರಪಾಲಿಕೆ: ರಚನೆ, ಚುನಾವಣೆ ಮತ್ತು ಮತದಾರ

ಬೆಳಗಿನ ಜಾವ ನಲ್ಲಿಗೆ ಬರುವ ನೀರು, ಬೀದಿಯ ಕಸ, ಮಳೆಗಾಲದ ಮಲೇರಿಯಾ ಮತ್ತು ಡೆಂಗೆಗಳ ನಿಯಂತ್ರಣ, ಕೂಪರ್ ಆಸ್ಪತ್ರೆಯ ಹಾಸಿಗೆ – ವಿಲೆ ಪಾರ್ಲೆಯ ಸಂಸಾರವೊಂದರ ಆರೋಗ್ಯಕ್ಕೆ ಆಧಾರವಾದ ಇವೆಲ್ಲವೂ ಒಂದೇ ಸಂಸ್ಥೆಯ ಹೊಣೆ. ಅದುವೇ ಬೃಹನ್ಮುಂಬಯಿ ಮಹಾನಗರಪಾಲಿಕೆ. ಲೋಕಸಭೆಯಲ್ಲಿನ ಪಕ್ಷಗಳ ಬಲಾಬಲವನ್ನು ಬಾಯಿಪಾಠ ಒಪ್ಪಿಸಬಲ್ಲ ಎಷ್ಟೋ ಮಂದಿ ವಿದ್ಯಾವಂತರಿಗೆ ತಮ್ಮ ಪ್ರಭಾಗದ ನಗರಸೇವಕರು ಯಾರೆಂಬುದು ಮಾತ್ರ ತಿಳಿದಿರುವುದಿಲ್ಲ.

ಊರಿನಲ್ಲಿ ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯತಿಗಳನ್ನು ಕಂಡವರಿಗೆ ಇಲ್ಲಿನ ವ್ಯವಸ್ಥೆ ಬೇರೆಯಾಗಿ ತೋರುವುದು ಸಹಜ. ಮುಂಬಯಿ ನಗರ ಮತ್ತು ಉಪನಗರ ಎಂಬ ಎರಡು ಜಿಲ್ಲೆಗಳಿದ್ದರೂ ಇವುಗಳಿಗೆ ಜಿಲ್ಲಾ ಪರಿಷತ್ತು ಇಲ್ಲ. ಸ್ಥಳೀಯ ಸ್ವರಾಜ್ಯದ ಸ್ಥಾನ ಇಲ್ಲಿ ಮಹಾನಗರಪಾಲಿಕೆಯದು.

ಹಿನ್ನೆಲೆ

ಪಾಲಿಕೆಗೆ ಇಂದಿಗೂ ಆಧಾರವಾಗಿರುವುದು 1888ರ ಕಾಯಿದೆ. ಅನೇಕ ತಿದ್ದುಪಡಿಗಳನ್ನು ಕಂಡಿದ್ದರೂ ಅದರ ಮೂಲ ಚೌಕಟ್ಟು ಬದಲಾಗಿಲ್ಲ. ಮೊದಮೊದಲು ಮತದಾನವು ತೆರಿಗೆ ಕಟ್ಟುವ ಅನುಕೂಲಸ್ಥರ ಹಕ್ಕಾಗಿತ್ತು. ವಯಸ್ಕರೆಲ್ಲರಿಗೂ ಮತಾಧಿಕಾರವಿದ್ದ ಮೊದಲ ಚುನಾವಣೆ ನಡೆದುದು 1948ರಲ್ಲಿ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಅಲ್ಲಿಯೇ ಮಲಗುತ್ತಿದ್ದ ಕಾರ್ಮಿಕನಿಗೂ ಆ ಹೋಟೆಲಿನ ಯಜಮಾನನಿಗೂ ಒಂದೊಂದೇ ಮತ ಎಂಬ ತತ್ತ್ವಕ್ಕೆ ಅಂದು ಮನ್ನಣೆ ದೊರೆಯಿತು. 1950ರಲ್ಲಿ ನಗರದ ಎಲ್ಲೆಯು ಜೋಗೇಶ್ವರಿಯವರೆಗೆ ವಿಸ್ತರಿಸಿದಾಗ ವಿಲೆ ಪಾರ್ಲೆಯೂ ಪಾಲಿಕೆಗೆ ಸೇರಿತು.

ಸಭೆಯ ರಚನೆ

ಪಾಲಿಕೆಯ ಚುನಾಯಿತ ಸದಸ್ಯರ ಸಂಖ್ಯೆ 227. ಅವಧಿ ಐದು ವರ್ಷ. ಪ್ರತಿಯೊಂದು ಪ್ರಭಾಗದಿಂದ ಒಬ್ಬರೇ ಆಯ್ಕೆಯಾಗುತ್ತಾರೆ. ಅರ್ಧದಷ್ಟು, ಎಂದರೆ 114 ಸ್ಥಾನಗಳು ಮಹಿಳೆಯರಿಗೆ ಮೀಸಲು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಹಿಂದುಳಿದ ವರ್ಗಗಳಿಗೂ ಮೀಸಲಾತಿಯಿದೆ. ಯಾವ ಪ್ರಭಾಗ ಯಾರಿಗೆ ಮೀಸಲೆಂಬುದು ಚುನಾವಣೆಗೆ ಮುನ್ನ ನಿರ್ಧಾರವಾಗುತ್ತದೆ. ಇವರಲ್ಲದೆ ಮತದಾನದ ಹಕ್ಕಿಲ್ಲದ ಕೆಲವು ನಾಮನಿರ್ದೇಶಿತ ಸದಸ್ಯರೂ ಇರುತ್ತಾರೆ. ಚುನಾವಣೆಯನ್ನು ನಡೆಸುವುದು ಮಹಾರಾಷ್ಟ್ರ ರಾಜ್ಯ ಚುನಾವಣಾ ಆಯೋಗ. 21 ವರ್ಷ ತುಂಬಿದ, ನಗರದ ಮತದಾರರ ಪಟ್ಟಿಯಲ್ಲಿ ಹೆಸರಿರುವವರು, ಕಾನೂನಿನ ಇತರ ನಿಬಂಧನೆಗಳಿಗೆ ಒಳಪಟ್ಟು, ಸ್ಪರ್ಧಿಸಬಹುದು. ಮಾತೃಭಾಷೆ ಅಥವಾ ಹುಟ್ಟೂರು ಇದಕ್ಕೆ ಅಡ್ಡಿಯಲ್ಲ.

ಮಹಾಪೌರರನ್ನು, ಎಂದರೆ ಮೇಯರನ್ನು, ಜನರು ನೇರವಾಗಿ ಆರಿಸುವುದಿಲ್ಲ. ನಗರಸೇವಕರು ತಮ್ಮಲ್ಲೊಬ್ಬರನ್ನು ಎರಡೂವರೆ ವರ್ಷಗಳ ಅವಧಿಗೆ ಆರಿಸುತ್ತಾರೆ.

ಅಧಿಕಾರ ಯಾರದು?

ಮಹಾಪೌರರು ಸಭೆಯ ಅಧ್ಯಕ್ಷರು, ನಗರದ ಪ್ರಥಮ ಪ್ರಜೆ. ಆದರೆ ಕಾರ್ಯಾಂಗದ ಅಧಿಕಾರವಿರುವುದು ರಾಜ್ಯ ಸರಕಾರ ನೇಮಿಸುವ ಆಯುಕ್ತರಲ್ಲಿ. ಒಂದು ಕಂಪೆನಿಗೆ ಹೋಲಿಸುವುದಾದರೆ ಮತದಾರರು ಶೇರುದಾರರು, ನಗರಸೇವಕರು ನಿರ್ದೇಶಕರು, ಆಯುಕ್ತರು ವ್ಯವಸ್ಥಾಪಕ ನಿರ್ದೇಶಕರು. ವ್ಯತ್ಯಾಸವೆಂದರೆ, ಈ ವ್ಯವಸ್ಥಾಪಕರನ್ನು ನೇಮಿಸುವ ಅಧಿಕಾರ ನಿರ್ದೇಶಕರಿಗಿಲ್ಲ.

ಹಾಗಾದರೆ ಸಭೆಯ ಹಿಡಿತವೆಲ್ಲಿ? ಹಣಕಾಸಿನಲ್ಲಿ. ಪ್ರತಿ ಫೆಬ್ರವರಿಯ ಆರಂಭದಲ್ಲಿ ಆಯುಕ್ತರು ಮುಂಗಡಪತ್ರವನ್ನು ಸ್ಥಾಯಿ ಸಮಿತಿಯ ಮುಂದಿಡುತ್ತಾರೆ. ದೊಡ್ಡ ಗುತ್ತಿಗೆಗಳಿಗೂ ಈ ಸಮಿತಿಯ ಒಪ್ಪಿಗೆ ಬೇಕು. ಆದುದರಿಂದಲೇ ಪಕ್ಷಗಳ ನಡುವೆ ಇದರ ಅಧ್ಯಕ್ಷ ಪದವಿಗೆ ಅಷ್ಟೊಂದು ಪೈಪೋಟಿ. ಸುಧಾರಣಾ ಸಮಿತಿ, ಬಸ್ಸು ಸೇವೆಯನ್ನು ನೋಡಿಕೊಳ್ಳುವ ಬೆಸ್ಟ್ ಸಮಿತಿ ಮತ್ತು ಶಿಕ್ಷಣ ಸಮಿತಿ ಇತರ ಮುಖ್ಯ ಸಮಿತಿಗಳು. ಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗಳ ವಿಷಯವೂ ಶಿಕ್ಷಣ ಸಮಿತಿಯ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ಕನ್ನಡಿಗರು ಗಮನಿಸಬೇಕು.

ಸಭೆಯೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಈಚಿನ ನಿದರ್ಶನವಿದೆ. 2017ರಲ್ಲಿ ಆಯ್ಕೆಯಾದ ಸಭೆಯ ಅವಧಿಯು 2022ರ ಮಾರ್ಚ್ 7ರಂದು ಮುಗಿಯಿತು. ಪ್ರಭಾಗಗಳ ಸಂಖ್ಯೆ ಮತ್ತು ಹಿಂದುಳಿದ ವರ್ಗಗಳ ಮೀಸಲಾತಿಯ ವಿವಾದಗಳು ನ್ಯಾಯಾಲಯದಲ್ಲಿದ್ದುದರಿಂದ ಮುಂದಿನ ಮತದಾನ ನಡೆದುದು 2026ರ ಜನವರಿ 15ರಂದು. ಸುಮಾರು ನಾಲ್ಕು ವರ್ಷ ಆಯುಕ್ತರೇ ಆಡಳಿತಾಧಿಕಾರಿಯೂ ಆಗಿದ್ದರು. 2025-26ರ ಸುಮಾರು 74,427 ಕೋಟಿ ರೂಪಾಯಿಗಳ ಮುಂಗಡಪತ್ರವು ಮಂಡನೆಯಾದಾಗ ಅದನ್ನು ಪ್ರಶ್ನಿಸಲು ಒಬ್ಬ ಚುನಾಯಿತ ಸದಸ್ಯನೂ ಇರಲಿಲ್ಲ. ಕಸದ ಗಾಡಿ ಬರುತ್ತಿತ್ತು, ನೀರೂ ಬರುತ್ತಿತ್ತು. ಬಾರದಿದ್ದಾಗ ಸಭೆಯಲ್ಲಿ ಎದ್ದು ನಿಂತು ಕೇಳುವವರು ಮಾತ್ರ ಇರಲಿಲ್ಲ.

ಎರಡು ಬಗೆಯ ವಾರ್ಡುಗಳು

‘ವಾರ್ಡ್’ ಎಂಬ ಶಬ್ದ ಇಲ್ಲಿ ಗೊಂದಲವನ್ನುಂಟುಮಾಡುವುದುಂಟು. ಅಕ್ಷರಗಳಿಂದ ಗುರುತಿಸುವುದು ಆಡಳಿತದ ವಾರ್ಡು. ಅಂಕೆಯಿಂದ ಗುರುತಿಸುವುದು ಚುನಾವಣೆಯ ಪ್ರಭಾಗ. ರೈಲುಹಳಿಯ ಪೂರ್ವದ ಪಾರ್ಲೆಯು ‘ಕೆ ಪೂರ್ವ’ ವಾರ್ಡಿಗೂ ಪಶ್ಚಿಮದ ಪಾರ್ಲೆಯು ‘ಕೆ ಪಶ್ಚಿಮ’ ವಾರ್ಡಿಗೂ ಸೇರಿದೆ. ಎರಡರ ಕಚೇರಿಗಳೂ ಅಂಧೇರಿಯಲ್ಲಿವೆ. ಪ್ರತಿ ಕಚೇರಿಗೆ ಸಹಾಯಕ ಆಯುಕ್ತರು ಮುಖ್ಯಸ್ಥರು. ನಲ್ಲಿ, ಚರಂಡಿ, ಸೊಳ್ಳೆಗಳ ಕುರಿತ ದೂರು ಮೊದಲು ಅಲ್ಲಿಗೆ ಹೋಗಬೇಕು. ಅಲ್ಲಿ ಪರಿಹಾರ ದೊರೆಯದಿದ್ದರೆ ನಗರಸೇವಕರ ಮೂಲಕ ವಾರ್ಡ್ ಸಮಿತಿಗೆ ಒಯ್ಯಬಹುದು.

ಪಟ್ಟಿಯಲ್ಲಿ ಹೆಸರು

ಪಾಲಿಕೆಯ ಚುನಾವಣೆಗೆ ಪ್ರತ್ಯೇಕ ನೋಂದಣಿ ಇಲ್ಲ. ವಿಧಾನಸಭೆಯ ಮತದಾರರ ಪಟ್ಟಿಯನ್ನೇ ಪ್ರಭಾಗಗಳಿಗೆ ಅನುಸಾರವಾಗಿ ವಿಂಗಡಿಸಲಾಗುತ್ತದೆ. ಅದಕ್ಕೂ ಒಂದು ಗಡುವಿದೆ. 2026ರ ಚುನಾವಣೆಗೆ ಆಧಾರವಾದುದು 2025ರ ಜುಲೈ 1ರ ಪಟ್ಟಿ. ಆ ಬಳಿಕ ಹೆಸರು ಸೇರಿಸಿದವರಿಗೆ ಮತ ಹಾಕುವ ಅವಕಾಶ ದೊರೆಯಲಿಲ್ಲ. ಚುನಾವಣೆ ಘೋಷಣೆಯಾದ ಮೇಲೆ ಎಚ್ಚೆತ್ತು ಪ್ರಯೋಜನವಿಲ್ಲವೆಂಬುದು ಇದರಿಂದ ಸ್ಪಷ್ಟ.

ಹತ್ತಿಪ್ಪತ್ತು ವರ್ಷಗಳಿಂದ ಮುಂಬಯಿಯಲ್ಲಿ ನೆಲೆಸಿದ್ದರೂ ಊರಿನ ಪಟ್ಟಿಯಲ್ಲೇ ಹೆಸರನ್ನು ಉಳಿಸಿಕೊಂಡವರು ಕನ್ನಡಿಗರಲ್ಲಿ ಇದ್ದಾರೆ. ಊರಿನ ಮೇಲಿನ ಮಮತೆ ಮೆಚ್ಚತಕ್ಕದ್ದೇ. ಆದರೆ ಎರಡು ಕಡೆ ಹೆಸರಿರುವುದಕ್ಕೆ ಕಾನೂನು ಸಮ್ಮತಿಸದು. ಇನ್ನು ಊರಿನ ಮತದಿಂದ ಪಾರ್ಲೆಯ ಚರಂಡಿ ಶುಚಿಯಾಗದು. ಹೊಸದಾಗಿ ಹೆಸರು ಸೇರಿಸಲು 6ನೆಯ ನಮೂನೆಯನ್ನೂ, ವಾಸಸ್ಥಳ ಬದಲಾಯಿಸಿದವರು 8ನೆಯ ನಮೂನೆಯನ್ನೂ ತುಂಬಬೇಕು. ಮನೆ ಬದಲಾಯಿಸಿದೊಡನೆ ಪಡಿತರ ಚೀಟಿ, ಬ್ಯಾಂಕಿನ ಖಾತೆಗಳ ವಿಳಾಸವನ್ನು ತಿದ್ದಿಸಿಕೊಳ್ಳುವವರು ಮತದಾರರ ಪಟ್ಟಿಯನ್ನು ಮರೆಯುವುದು ತರವಲ್ಲ.

ಪ್ರಭಾಗವೊಂದರಲ್ಲಿ ಕೆಲವೇ ನೂರು ಮತಗಳು ಫಲಿತಾಂಶವನ್ನು ಬದಲಿಸಬಲ್ಲವು. ಹೆಸರು ಪಟ್ಟಿಯಲ್ಲಿರುವ ನಾಗರಿಕನ ಮಾತಿಗೆ ಐದು ವರ್ಷವೂ ಬೆಲೆಯಿರುತ್ತದೆ. ದುಡಿದು ಬಾಳುವ ಊರಿನ ಆಡಳಿತದಲ್ಲಿ ಪಾಲ್ಗೊಳ್ಳುವುದು ಹುಟ್ಟಿದ ಊರಿಗೆ ಬಗೆಯುವ ದ್ರೋಹವಲ್ಲ. ಅನ್ನವಿತ್ತ ನಗರಕ್ಕೆ ಸಲ್ಲಿಸಬೇಕಾದ ಋಣ.